ಸೈಕಲ್ ವಸ್ತಿಯ ಇತಿಹಾಸಕ್ಕೆ ಒಂದು ತಾಡಪತ್ರಿ

ಬೆಳಿಗ್ಗೆ ಆರು ನಲವತ್ತಕ್ಕೆ ಅಣ್ಣಿಗೇರಿಯ ಈರಬಸಪ್ಪ ತನ್ನ ಮೊಬೈಲಿನಲ್ಲಿ ನಾಲ್ಕು ಪುಟದ ಒಂದು ಇತಿಹಾಸವನ್ನು ಓದಿ ಮುಗಿಸಿದ. ಅದರಲ್ಲಿ ಮಾಬುಸಾಬನ ಹೆಸರು ಹನ್ನೊಂದು ಸಲ ಬಂದಿತ್ತು. ಈರಬಸಪ್ಪನ ಹೆಸರು ಒಂದು ಸಲ.

ಅಂದು 2025ರ ಜನವರಿ ಎಂಟು, ಬುಧವಾರ. ಇತಿಹಾಸವೆಂದರೆ ಸೈಕಲ್ ವಸ್ತಿಯ ಇತಿಹಾಸ. ರಾತ್ರಿ ಹಳ್ಳಿಯಲ್ಲೇ ನಿಂತು ಮುಂಜಾನೆ ಹೊರಡುವ ಬಸ್ಸಿಗೆ ಈ ಕಡೆ ವಸ್ತಿ ಬಸ್ಸು ಎನ್ನುತ್ತಾರೆ. ಅದೇ ಲೆಕ್ಕದಲ್ಲಿ ಅಣ್ಣಿಗೇರಿ, ನವಲಗುಂದ, ಕುಂದಗೋಳದ ಕಡೆಯ ನಲವತ್ತು ಮಂದಿ ಜನವರಿಯ ಎರಡನೇ ಶನಿವಾರ ಸೈಕಲ್ ತುಳಿದುಕೊಂಡು ಮಿಶ್ರಿಕೋಟಿಯ ಕೆರೆದಂಡೆಗೆ ಹೋಗಿ, ಡೇರೆ ಹಾಕಿ, ಉಂಡು, ಹರಟೆ ಹೊಡೆದು, ಎರಡು ರಾತ್ರಿ ಕಳೆದು ಬರುವುದಕ್ಕೆ ಸೈಕಲ್ ವಸ್ತಿ ಎಂಬ ಹೆಸರು ಬಿದ್ದಿದೆ. 2013ರಲ್ಲಿ ಶುರುವಾದದ್ದು. ಕೊರೊನಾದ ಒಂದು ವರ್ಷ ಬಿಟ್ಟರೆ ತಪ್ಪಿಲ್ಲ. ಇದು ಹನ್ನೆರಡನೆಯದು. ಹನ್ನೆರಡು ತುಂಬಿದ ನೆನಪಿಗೆ ಒಂದು ಸಂಚಿಕೆ ಅಚ್ಚು ಹಾಕಿಸಬೇಕೆಂದು ಠರಾವಾಗಿ, ಇತಿಹಾಸ ಬರೆಯುವ ಕೆಲಸ ನವಲಗುಂದದ ಹೈಸ್ಕೂಲಿನ ಶೈಲಶ್ರೀ ಟೀಚರಿಗೆ ಹೋಗಿತ್ತು. ಅವರು ಬರೆದು, ತಪ್ಪಿದ್ದರೆ ತಿಳಿಸಿರೆಂದು ಎಲ್ಲರ ಮೊಬೈಲಿಗೂ ಹಾಕಿದ್ದರು.

ತಪ್ಪು ಇತ್ತು. ಮೊದಲನೇ ಪುಟದಲ್ಲೇ ಇತ್ತು. "ಕತ್ತಲಾಗುತ್ತಿದ್ದರೂ ಎದೆಗುಂದದ ಮಾಬುಸಾಬ ಅವರು ಮುಸ್ತಫಾ ಅವರ ಸೈಕಲ್ಲಿನ ಹರಿದ ಚೈನನ್ನು ಮೊಬೈಲ್ ಬೆಳಕಿನಲ್ಲಿ ಕೂಡಿಸಿದರು. ಅಂದು ಕೂಡಿಸಿದ ಆ ಚೈನೇ ಇಂದು ನಾಲ್ಕು ತಾಲೂಕನ್ನು ಕೂಡಿಸಿದೆ. ಜಿನುಗು ಮಳೆಯಲ್ಲಿ ಒಂದು ತಾಡಪತ್ರಿಯ ಆಸರೆ ಸಿಕ್ಕಿತು. ಈರಬಸಪ್ಪ ಅವರೂ ಜೊತೆಗಿದ್ದರು."

"ಸಿಕ್ಕಿತಂತ," ಎಂದು ಈರಬಸಪ್ಪ ಹೆಂಡತಿ ಶಾರದವ್ವನಿಗೆ ಹೇಳಿದ. "ತಾಡಪತ್ರಿ ಸಿಕ್ಕಿತಂತ. ಗಿಡದಾಗ ಬಿಟ್ಟಿತ್ತೇನು, ಹರಕೊಂಡು ಹೊಚ್ಚಿಕೊಳ್ಳಾಕ?"

ಶಾರದವ್ವ ರೊಟ್ಟಿ ಬಡಿಯುತ್ತಿದ್ದಳು. "ಯಾವ ತಾಡಪತ್ರಿರೀ?"

"ಯಾವುದೂ ಇಲ್ಲ."

ಇಲ್ಲಿ ಓದುಗರಿಗೆ ನಿಜಸಂಗತಿ ಗೊತ್ತಿರಬೇಕು. ಈರಬಸಪ್ಪನದು ಅಣ್ಣಿಗೇರಿಯ ಕಾಳಿನ ಪೇಟೆಯಲ್ಲಿ ಗೋಣಿಚೀಲ, ಹಗ್ಗ, ತಾಡಪತ್ರಿ, ಅಂದರೆ ಟಾರ್ಪಾಲಿನ್, ಮಾರುವ ಅಂಗಡಿ. 2013ರ ಆ ಶನಿವಾರ ಮಾಬುಸಾಬ, ಮುಸ್ತಫಾ ಮತ್ತು ಅವನು ಮೂವರೂ ಹೊರಟದ್ದು ಕಲಘಟಗಿಗೆ. ಸೈಕಲ್ ರಿಪೇರಿ ಅಂಗಡಿಯ ಮಾಬುಸಾಬ ತಾನು ಜೋಡಿಸಿದ ಸೈಕಲ್ ಒಮ್ಮೆಯೂ ಗಾಳಿ ಹಾಕಿಸಿಕೊಳ್ಳದೆ ಕಲಘಟಗಿ ಮುಟ್ಟುತ್ತದೆಂದು ಪಣ ಕಟ್ಟಿದ್ದ. ಮುಸ್ತಫಾ ಎದುರಾಳಿ. ಈರಬಸಪ್ಪ ಪಂಚ. ಹೋಗುವುದು ಹೇಗೂ ಹೋಗುತ್ತೇನೆಂದು ಪಂಚ ಕ್ಯಾರಿಯರಿಗೆ ಒಂದು ತಾಡಪತ್ರಿ ಕಟ್ಟಿಕೊಂಡಿದ್ದ, ಕಲಘಟಗಿಯ ಗಿರಾಕಿಯೊಬ್ಬನಿಗೆ ಕೊಡಲು. ಮಿಶ್ರಿಕೋಟಿಯ ಕೆರೆಯ ಹತ್ತಿರ ಮುಸ್ತಫಾನ ಚೈನು ಹರಿಯಿತು, ಹೊತ್ತು ಮುಳುಗಿತು, ಕಾಲವಲ್ಲದ ಕಾಲದಲ್ಲಿ ಹನಿ ಶುರುವಾಯಿತು. ತಾಡಪತ್ರಿಯನ್ನು ಬೇವಿನ ಗಿಡಕ್ಕೂ ಮೂರು ಸೈಕಲ್ಲಿಗೂ ಬಿಗಿದು ಮೂವರೂ ಅದರಡಿ ಮಲಗಿದರು. ಬಾಜು ಹೊಲದ ದೇವಕ್ಕ ರೊಟ್ಟಿ, ಜುಣಕ ತಂದುಕೊಟ್ಟಳು. ಮುಂಜಾನೆ ತಾಡಪತ್ರಿ ತೊಯ್ದು ಹೆಣಭಾರವಾಗಿತ್ತು. "ಇರಲಿ, ಮುಂದ ಒಯ್ದರಾತು" ಎಂದು ದೇವಕ್ಕನ ಮನೆಯಲ್ಲಿ ಬಿಟ್ಟು ಬಂದರು. ಒಯ್ಯಲಿಲ್ಲ. ಕಲಘಟಗಿಯ ಗಿರಾಕಿ ಏನು ಮಾಡಿದನೆಂಬ ಬಗ್ಗೆ ಮಾಹಿತಿ ಇಲ್ಲ.

ಅಂದಮೇಲೆ ತಾಡಪತ್ರಿ ಇಲ್ಲದಿದ್ದರೆ ವಸ್ತಿ ಎಲ್ಲಿಯದು, ಎಂಬುದು ಈರಬಸಪ್ಪನ ವಾದ. ಚೈನು ಕೂಡಿತ್ತು, ಸರಿ. ಅಷ್ಟೇ ಆಗಿದ್ದರೆ ಸೈಕಲ್ ಹತ್ತಿ ಮನೆಗೆ ಹೋಗುತ್ತಿದ್ದರು. ನಿಲ್ಲಿಸಿದ್ದು ತಾಡಪತ್ರಿ. ವಾದದಲ್ಲಿ ಹುರುಳಿತ್ತು. ಆದರೆ ಹೊಟ್ಟೆಯೊಳಗೆ ಉರಿಯುತ್ತಿದ್ದದ್ದು ವಾದವಲ್ಲ.

ಒಂಬತ್ತಕ್ಕೆ ಅವನು ಮಾಬುಸಾಬನ ಅಂಗಡಿಯ ಮುಂದೆ ಹಾದುಹೋದ. ಹಾದುಹೋಗುವುದಷ್ಟೇ ಅವನ ಉದ್ದೇಶವಾಗಿತ್ತು. ಅಂಗಡಿಯ ಮುಂದೆ ನಾಲ್ಕು ಜನ ನಿಂತಿದ್ದರು. ಒಬ್ಬ ನಿವೃತ್ತ ಪೋಸ್ಟ್‌ಮನ್ ಮೊಬೈಲ್ ಹಿಡಿದು ಜೋರಾಗಿ ಓದುತ್ತಿದ್ದ: "ಆ ಚೈನೇ ಇಂದು ನಾಲ್ಕು ತಾಲೂಕನ್ನು..."

"ಈರಣ್ಣಾ, ಬಾ ಬಾ," ಎಂದ ಮಾಬುಸಾಬ, ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಅದ್ದುತ್ತಾ. "ನೋಡು, ಟೀಚರ್ ಏನೇನೋ ಬರದು ಇಟ್ಟಾರ. ನನಗ ನಾಚಿಕಿ ಬರಾಕತ್ತೈತಿ."

"ನಾಚಿಕಿ ಯಾಕ? ಖರೆ ಬರದಾರ," ಎಂದ ಈರಬಸಪ್ಪ.

"ಅವರು ಕೇಳಿದ್ರು, ನಾ ನೆನಪಾದಷ್ಟು ಹೇಳಿದೆ. ನೀನೂ ಇದ್ದಿ ಅಂತ ಹೇಳಾಕ ಮರೀಲಿಲ್ಲ ನೋಡಪಾ."

ಮಾಬುಸಾಬನ ಹೆಂಡತಿ ರಾಜಮಾಬಿ ಒಳಗಿನಿಂದ ಚಹಾ ತಂದಳು. "ಕುಡೀರಿ ಭಾಯಿ. ನಿಮ್ಮ ಗೆಳೆಯಾರು ಮುಂಜಾನಿಂದ ಕನ್ನಡಿ ನೋಡಾಕತ್ತಾರ. ಫೋಟೋಕ್ಕ ಮೀಸಿ ಕತ್ತರಸಬೇಕಂತ."

ಮಾಬುಸಾಬನ ಫೋಟೋವೂ ಬರಲಿದೆ ಎಂಬ ಸುದ್ದಿ ಹೀಗೆ ತಿಳಿಯಿತು. ಆ ಚಹಾಕ್ಕೆ ಸಕ್ಕರೆ ಇತ್ತೋ ಇಲ್ಲವೋ ಈರಬಸಪ್ಪನಿಗೆ ನೆನಪಿಲ್ಲ.

ಅಂಗಡಿಗೆ ಹೋಗಿ ಶೈಲಶ್ರೀ ಟೀಚರಿಗೆ ಫೋನ್ ಹಚ್ಚಿದ. ಮೊದಲು ಹವಾಮಾನ ಮಾತಾಡಿದ. ಆಮೇಲೆ ಕಡಲೆ ಬೆಳೆ. ಆಮೇಲೆ, "ಅಲ್ಲರಿ ಟೀಚರ್, ಆ ತಾಡಪತ್ರಿ ಯಾರದಂತ ಬರೀಲಿಲ್ಲಲ್ಲ. ನನ್ನ ಸಲುವಾಗಿ ಅಲ್ಲ. ಇತಿಹಾಸ ಅಂದ್ರ ಪೂರ್ತಿ ಇರಬೇಕು ಅಂತ."

"ಯಾರದ್ರಿ ಕಾಕಾ?"

"ನಂದು."

"ಸಾಕ್ಷಿ?"

"ನಾನ ಹೇಳಾಕತ್ತೀನಲ್ಲರಿ."

"ಹಂಗ ಬರಿಯಾಕ ಬರಂಗಿಲ್ರಿ. ಒಂದು ಸಂಗತಿ ಇಬ್ಬರ ಬಾಯಾಗ ಬಂದ್ರ ನಾ ಬರೀತೀನಿ. ಚೈನಿಂದು ಮಾಬುಸಾಬ ಕಾಕಾ ಹೇಳಿದ್ರು, ಮುಸ್ತಫಾ ಕಾಕಾ ಹೌದಂದ್ರು. ತಾಡಪತ್ರಿ ಯಾರದಂತ ಮುಸ್ತಫಾ ಕಾಕಾಗ ಕೇಳಿದೆ. ಮಲಗಿದ ಮನಷ್ಯಾ ಮ್ಯಾಲೆ ಏನಿತ್ತಂತ ನೋಡಂಗಿಲ್ರಿ ಅಂದ್ರು. ಸೋಮವಾರ ಪ್ರೆಸ್ಸಿಗೆ ಹೋಗತೈತಿ. ಅಷ್ಟರಾಗ ಇನ್ನೊಬ್ಬರು ಹೇಳಿದ್ರ ಹಾಕ್ತೀನಿ."

ಇನ್ನೊಬ್ಬರೆಂದರೆ ಮಾಬುಸಾಬ. ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಆದರೆ ತನ್ನ ಇತಿಹಾಸವನ್ನು ಮಾಬುಸಾಬನ ಬಾಯಿಂದ ಬೇಡಿ ಪಡೆಯುವುದಕ್ಕಿಂತ ಐವತ್ತು ಕಿಲೋಮೀಟರ್ ಬಸ್ಸಿನಲ್ಲಿ ಕುಲುಕಿಸಿಕೊಂಡು ಮಿಶ್ರಿಕೋಟಿಗೆ ಹೋಗುವುದು ಈರಬಸಪ್ಪನಿಗೆ ಹಗುರವೆನಿಸಿತು. ಗುರುವಾರ ಅವನು ಹೋದ. ಮನೆಯಲ್ಲಿ ಹೇಳಲಿಲ್ಲ. ಹೊಟ್ಟೆಕಿಚ್ಚಿನ ಪ್ರಯಾಣಕ್ಕೆ ಮನೆಯಲ್ಲಿ ಹೇಳಿ ಹೋಗುವ ರೂಢಿ ಎಲ್ಲೂ ಇಲ್ಲ.

ಮುಂದಿನದು ತಿಳಿಯಬೇಕಾದರೆ ಈ ಭಾಗದ ಇನ್ನೊಂದು ರೂಢಿ ಗೊತ್ತಿರಬೇಕು. ಇಲ್ಲಿ ಕೊಟ್ಟ ಸಾಮಾನನ್ನು ಯಾರೂ ತಿರುಗಿ ಕೊಡಿರೆಂದು ಬಾಯಿಬಿಟ್ಟು ಕೇಳುವುದಿಲ್ಲ. ಅದು ಅಗ್ಗದ ನಡತೆ. ಹೋಗಿ, ಕೂತು, ಚಹಾ ಕುಡಿದು, ಸಾಮಾನಿನ ಯೋಗಕ್ಷೇಮ ವಿಚಾರಿಸುತ್ತಾರೆ. "ನಮ್ಮ ಕುಡಗೋಲು ಚೊಲೋ ಐತೇನ್ರಿ?" ಎಂದು ಕೇಳಿದರೆ ಸಂಜೆಯೊಳಗೆ ಕುಡಗೋಲು ಮನೆ ಮುಟ್ಟಬೇಕು. ಎರಡನೇ ಸಲ ವಿಚಾರಿಸಿದರೆ ಮನಸ್ತಾಪ. ಮೂರನೇ ಸಲದ ಉದಾಹರಣೆ ಹಿರಿಯರ ನೆನಪಿನಲ್ಲಿ ಇಲ್ಲ.

ಈರಬಸಪ್ಪ ದೇವಕ್ಕನ ಕಟ್ಟೆಯ ಮೇಲೆ ಕೂತ. ಚಹಾ ಕುಡಿದ. ಹೊಲ, ದನ, ಮೊಮ್ಮಕ್ಕಳ ಶಾಲೆ ವಿಚಾರಿಸಿದ. ಆಮೇಲೆ ಕೇಳಿದ: "ದೇವಕ್ಕಾ, ಆ ನಮ್ಮ ತಾಡಪತ್ರಿ ಐತೇನವಾ ಇನ್ನ?"

ದೇವಕ್ಕ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಹನ್ನೆರಡು ವರ್ಷದಿಂದ ಈ ಮನುಷ್ಯ ವರ್ಷಕ್ಕೊಮ್ಮೆ ಬಂದು ಉಂಡು ಹೋಗಿದ್ದಾನೆ. ಒಮ್ಮೆಯೂ ಎತ್ತದ ಮಾತನ್ನು ಇವತ್ತು ಬಸ್ಸು ಹತ್ತಿ ಬಂದು ಎತ್ತುತ್ತಿದ್ದಾನೆ. "ಐತ್ರಿ ಅಣ್ಣಾರ. ಬಣವಿ ಮ್ಯಾಲ ಹೊಚ್ಚೇವಿ."

"ಚೊಲೋ ಐತೇನು?"

"ಇದ್ದಂಗ ಐತ್ರಿ."

"ಮೂಲ್ಯಾಗ ನಮ್ಮ ಅಂಗಡಿ ಸಿಕ್ಕಾ ಇತ್ತು. ಅದು ಕಾಣತೈತೇನು?"

ಮೂರಾಯಿತು. ದೇವಕ್ಕನ ಮಗ ಸುಭಾಸ ದನದ ಹಗ್ಗ ಬಿಟ್ಟು ಎದ್ದು ನಿಂತ.

ಈರಬಸಪ್ಪ ಸೀದಾ ಮೇವಿನ ಬಣವಿಗೆ ಹೋದ. ಸಿಕ್ಕಾ, ಅಂದರೆ ಅಂಗಡಿಯ ಮುದ್ರೆ ಇದ್ದ ಮೂಲೆ ಮೇಲುಗಡೆ ಸಿಕ್ಕಿಕೊಂಡಿತ್ತು. ಐವತ್ತನಾಲ್ಕರ ಮನುಷ್ಯ ಪಂಚೆ ಎತ್ತಿ ಕಟ್ಟಿ, ಏಣಿ ಹಚ್ಚಿ, ಬಣವಿ ಹತ್ತಿ, ಮೂಲೆಯನ್ನು ಮಡಚಿ, ಅರ್ಧ ಅಳಿಸಿದ "ಈರಬ" ಎಂಬ ಮೂರು ಅಕ್ಷರಗಳ ಫೋಟೋವನ್ನು ನಾಲ್ಕು ದಿಕ್ಕಿನಿಂದ ತೆಗೆದ. ಇಳಿಯುವಾಗ ಹೊಟ್ಟಿನ ಜೊತೆ ತುಸು ಬೇಗ ಇಳಿದ. ಅಷ್ಟರಲ್ಲಿ ಓಣಿಯ ಎಂಟು ಹತ್ತು ಜನ ಕೂಡಿದ್ದರು.

"ಯಾರ್ರಿ ಇವ್ರು?"

"ತಾಡಪತ್ರಿ ಸಾವಕಾರ್ರಂತ. ಒಯ್ಯಾಕ ಬಂದಾರ."

"ಫೋಟೋ ಯಾಕ ತಗದ್ರು?"

"ಕೋರ್ಟಿಗೆ ಬೇಕಾಗಬಹುದು," ಎಂದ ಒಬ್ಬ ಮಾಜಿ ಪಂಚಾಯಿತಿ ಸದಸ್ಯ. ಕೋರ್ಟಿನ ವಿಷಯದಲ್ಲಿ ಅವನಿಗೆ ಅನುಭವವಿತ್ತು. "ಸಿಕ್ಕಾದ ಫೋಟೋ ಇದ್ರ ಕೇಸ್ ಗಟ್ಟಿ ನಿಲ್ಲತೈತಿ."

ಈರಬಸಪ್ಪ ಮೈಮೇಲಿನ ಹೊಟ್ಟು ಕೊಡವಿಕೊಂಡು ಜೇಬಿನಿಂದ ಒಂದು ಹಾಳೆ ತೆಗೆದ. "ದೇವಕ್ಕಾ, ಈ ತಾಡಪತ್ರಿ ಈರಬಸಪ್ಪನವರದು ಅಂತ ಇದರ ಮ್ಯಾಲ ಒಂದ ಸಹಿ ಮಾಡಿಕೊಡವಾ. ಹೆಚ್ಚಿಂದೇನಿಲ್ಲ."

ದೇವಕ್ಕ ಹಾಳೆಯನ್ನು ಮುಟ್ಟಲಿಲ್ಲ. "ಸಹಿ ಯಾಕ್ರಿ ಅಣ್ಣಾರ. ನಾಡಿದ್ದ ಎಲ್ಲಾರೂ ಬರ್ತೀರಲ್ಲ. ಎಲ್ಲಾರ ಮುಂದ ಬಗಿಹರಸೂಣು."

ಎಲ್ಲರ ಮುಂದೆ. ಈರಬಸಪ್ಪ ಬಯಸಿದ್ದೂ ಅದನ್ನೇ. ವಾಪಸು ಬರುವ ಬಸ್ಸಿನಲ್ಲಿ ಅವನು ತುಸು ಹಾಡು ಕೂಡ ಗುನುಗಿದ. ಅದೇ ಹೊತ್ತಿಗೆ ಸುಭಾಸ ಮುಸ್ತಫಾನಿಗೆ ಫೋನ್ ಹಚ್ಚಿದ್ದ, ಮುಸ್ತಫಾ ಉಳಿದವರಿಗೆ.

ಶುಕ್ರವಾರದ ವ್ಯಾಪಾರ ವಿಚಿತ್ರವಾಗಿತ್ತು. ಜನವರಿಯಲ್ಲಿ ತಾಡಪತ್ರಿ ಕೇಳುವವರು ಇರುವುದಿಲ್ಲ. ಹತ್ತು ಗಂಟೆಗೆ ಮುಸ್ತಫಾ ಬಂದ. ಈಗ ಕುಂದಗೋಳದಲ್ಲಿ ದರ್ಜಿ. ಅಷ್ಟು ದೂರದಿಂದ ಬಂದಿದ್ದ.

"ಒಂದು ತಾಡಪತ್ರಿ ಕೊಡ್ರಿ ಈರಣ್ಣಾ. ಚೊಲೋದು."

"ಯಾಕೋ, ಮಳಿ ಬರತೈತೇನು?"

"ಇಲ್ರಿ. ನಾಳಿ ವಸ್ತ್ಯಾಗ ಒಬ್ಬರಿಗೆ ಕೊಡೂದೈತಿ."

"ಯಾರಿಗೆ?"

ಮುಸ್ತಫಾ ನೆಲ ನೋಡಿದ. "ಅದನ್ನ ನಿಮಗ ಹೇಳೂಹಂಗಿಲ್ಲ."

ಹನ್ನೊಂದಕ್ಕೆ ನವಲಗುಂದದ ಇಬ್ಬರು ಬಂದರು. ಅವರಿಗೂ ಒಂದೊಂದು ಬೇಕಿತ್ತು. ಅವರೂ ನೆಲ ನೋಡಿದರು. ಮಧ್ಯಾಹ್ನ ಯಮನೂರಿನಿಂದ ಒಬ್ಬ ಬಂದು ಈರಬಸಪ್ಪನ ಕೈ ಹಿಡಿದು, "ಯಾರಿಗಾದ್ರೂ ಅಡಚಣಿ ಬರತಾವರಿ. ನಾವು ನಾವ ಅದೀವಿ," ಎಂದು ಹೇಳಿ, ತಾಡಪತ್ರಿ ಕೊಂಡು ಹೋದ.

ಮುಸ್ತಫಾ ನೆಲ ನೋಡಿದಾಗಲೇ ಈರಬಸಪ್ಪನಿಗೆ ಹೊಳೆದಿತ್ತು: ಮಾಬುಸಾಬನಿಗೆ ಸನ್ಮಾನ. ಬೇರೇನೂ ಇರಲಾರದು. ಶಾಲು ಹೊದಿಸುವುದು ಹಳೆಯದಾಯಿತೆಂದು, ವಸ್ತಿಯ ಸ್ಥಾಪಕನಿಗೆ ತಾಡಪತ್ರಿ ಹೊದಿಸುತ್ತಾರೆ. ತನ್ನ ತಾಡಪತ್ರಿಯಿಂದ ಹುಟ್ಟಿದ ವಸ್ತಿಯಲ್ಲಿ, ತನ್ನ ಅಂಗಡಿಯ ತಾಡಪತ್ರಿಯನ್ನು, ತನ್ನ ಕೈಯಿಂದಲೇ ಕೊಂಡು, ಅವನಿಗೆ. ಈರಬಸಪ್ಪ ಆಗಲೇ ಹಿಂದಿನ ಕೋಣೆಗೆ ಹೋಗಿದ್ದ. ಅಲ್ಲಿ ಮೂಲೆಯಲ್ಲಿ, ಹೋದ ಮಳೆಗಾಲದಲ್ಲಿ ಇಲಿ ಕಡಿದ ಏಳು ತಾಡಪತ್ರಿಗಳಿದ್ದವು. ರದ್ದಿಗೆ ಹಾಕಬೇಕೆಂದು ತೆಗೆದಿಟ್ಟವು. ತೂತು ಒಳಗೆ ಬರುವಂತೆ ಮಡಚಿ, ಮೇಲೆ ಹೊಸ ಹಗ್ಗ ಬಿಗಿದಿದ್ದ. ಮುಸ್ತಫಾನಿಗೂ, ನವಲಗುಂದದವರಿಗೂ ಕೊಟ್ಟದ್ದು ಅವನ್ನೇ. ಸಂಜೆ ಐದರೊಳಗೆ ಏಳೂ ಖರ್ಚಾದವು. ಮೂವತ್ತು ವರ್ಷದ ವ್ಯಾಪಾರದಲ್ಲಿ ಅವನು ತೂತಿನ ಮಾಲು ಮಾರಿದ್ದು ಇದೇ ಮೊದಲು. ಮತ್ಸರವು ಮನುಷ್ಯನಿಗೆ ಹೊಸ ಹೊಸ ಕೆಲಸ ಕಲಿಸುತ್ತದೆ.

ಮನೆಗೆ ಹೋದರೆ ಶಾರದವ್ವ ತಾಟು ಇಡಲಿಲ್ಲ.

"ನಿಮ್ಮ ಕಾರಭಾರ ನಾಲ್ಕು ಊರಾಗ ಗೊತ್ತಾಗೈತಿ," ಎಂದಳು. "ನನ್ನ ತಮ್ಮ ಕುಂದಗೋಳದಿಂದ ಫೋನ್ ಮಾಡಿದ್ದ. ಇಷ್ಟ ಸಣ್ಣ ಮನಸ್ಸು ಇರಬಾರದ್ರಿ ಗಂಡಸಿಗೆ."

 ಮಾಬುಸಾಬನ ಮೇಲಿನ ಉರಿ ಹೊರಗೆ ಬಿದ್ದಿದೆ ಎಂದು ಈರಬಸಪ್ಪ ತಿಳಿದ. "ಏನಂತ ಹೇಳಿದ ಅಂವಾ?"

"ಏನಂತ ಹೇಳಲಿ. ಬೇಕಿದ್ರ ನಮ್ಮನ್ನ ಕೇಳಬೇಕಿತ್ತು, ನಾವು ಕೊಡತಿದ್ವಿ ಅಂದ."

ಮರ್ಯಾದೆಯನ್ನು ಭಾವಮೈದುನ ಹೇಗೆ ಕೊಡುತ್ತಿದ್ದನೆಂದು ಈರಬಸಪ್ಪನಿಗೆ ಹೊಳೆಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ. ತಾನೇ ತಾಟು ಇಟ್ಟುಕೊಂಡು ಉಂಡ.

ಶನಿವಾರ ಸಂಜೆ ನಾಲ್ಕೂವರೆಗೆ ಮಿಶ್ರಿಕೋಟಿಯ ಕೆರೆದಂಡೆಯಲ್ಲಿ ನಲವತ್ತೆರಡು ಸೈಕಲ್, ಹದಿನಾರು ಡೇರೆ ಇದ್ದವು. ದಾರಿಯುದ್ದಕ್ಕೂ ಎಲ್ಲರೂ ಈರಬಸಪ್ಪನನ್ನು ಕಾಯಿಲೆಯವನಂತೆ ನೋಡಿಕೊಂಡಿದ್ದರು. ಹುಬ್ಬಳ್ಳಿಯಲ್ಲಿ ಅವನ ಚಹಾದ ದುಡ್ಡನ್ನು ಅವನಿಗೆ ಕೊಡಗೊಡಲಿಲ್ಲ. ಏರಿನಲ್ಲಿ ಇಬ್ಬರು ಅವನ ಬೆನ್ನಿಗೆ ಕೈ ಕೊಟ್ಟು ನೂಕಿದರು. ಮಾಬುಸಾಬ ಮಾತ್ರ ಏನೋ ಹೇಳಲು ಎರಡು ಸಲ ಸೈಕಲನ್ನು ಹತ್ತಿರ ತಂದ. ಈರಬಸಪ್ಪ ಎರಡು ಸಲವೂ ಜೋರಾಗಿ ತುಳಿದ.

ಶೈಲಶ್ರೀ ಟೀಚರ್ ನೋಟ್‌ಬುಕ್ ಹಿಡಿದು ಒಂದು ಕಲ್ಲಿನ ಮೇಲೆ ಕೂತಿದ್ದರು. ಎಲ್ಲರೂ ಸುತ್ತ ಕೂಡಿದರು. ಮುಸ್ತಫಾ ಎದ್ದು ಕೆಮ್ಮಿದ.

"ಇವತ್ತು ಮೊದಲಿಗೆ ಒಂದು ಕೆಲಸ ಐತಿ," ಎಂದ. "ನಮ್ಮ ಒಬ್ಬ ಹಿರಿಯರಿಗೆ ಸಲ್ಲಬೇಕಾದ್ದು ಹನ್ನೆರಡು ವರ್ಷ ಸಂದಿಲ್ಲ."

ಈರಬಸಪ್ಪ ಕೆರೆಯ ಕಡೆ ತಿರುಗಿ ಕೂತ. ಮಾಬುಸಾಬನಿಗೆ ಹೊದಿಸುವುದನ್ನು ನೋಡುವ ಮನಸ್ಸಿರಲಿಲ್ಲ. ಆದರೆ ಹೆಜ್ಜೆಗಳು ತನ್ನ ಕಡೆಗೇ ಬಂದವು. ತಿರುಗಿ ನೋಡಿದರೆ ದೇವಕ್ಕ. ಅವಳ ಕೈಯಲ್ಲಿ ತೊಳೆದು ಒಣಗಿಸಿ ನಾಲ್ಕು ಮಡಿಕೆ ಮಾಡಿದ ಹಳೆಯ ತಾಡಪತ್ರಿ.

"ತಗೋರಿ ಅಣ್ಣಾರ," ಎಂದಳು. "ನಮ್ಮದು ತಪ್ಪಾತು. ಕೇಳೂತನಕ ಇಟಗೋಬಾರದಿತ್ತು. ಬಣವಿಗೆ ಬ್ಯಾರೆ ಹೊಚ್ಚೇವಿ."

ಅವಳ ಹಿಂದೆ ಮುಸ್ತಫಾ, ನವಲಗುಂದದವರು, ಯಮನೂರಿನವ, ಇನ್ನೂ ಮೂವರು. ಒಬ್ಬೊಬ್ಬರ ಹೆಗಲ ಮೇಲೆ ಒಂದೊಂದು ಮೂಟೆ. "ಇವೂ ಇರಲಿ ಈರಣ್ಣಾ," ಎಂದ ಮುಸ್ತಫಾ. "ಹನ್ನೆರಡು ವರ್ಷಕ್ಕ ಬಡ್ಡಿ ಅಂತ ತಿಳೀರಿ. ನಾನೂ ಅದರಡಿ ಮಲಗಿದವನ." ಪ್ರೀತಿಯಿಂದ ಹಗ್ಗ ಬಿಚ್ಚಿ ತನ್ನ ಮೂಟೆಯನ್ನು ಅವನ ಮುಂದೆ ಹರವಿದ. ಅಂಗೈಯಷ್ಟು ಅಗಲದ ತೂತಿನಲ್ಲಿ ಕೆರೆದಂಡೆಯ ಹುಲ್ಲು ಕಂಡಿತು. ಎರಡನೆಯದನ್ನೂ ಹರವಿದರು. ಅದರಲ್ಲಿ ಮೂರು ತೂತು.

 ಯಾರಿಂದ ಕೊಂಡದ್ದೆಂದು ಏಳೂ ಜನಕ್ಕೆ ಗೊತ್ತಿತ್ತು. ಮರ್ಯಾದೆಗೆ ಆಕಾಶ ನೋಡಿದರು.

"ಕಾಕಾ," ಎಂದರು ಶೈಲಶ್ರೀ ಟೀಚರ್, ಪೆನ್ನು ಎತ್ತಿ. "ತಾಡಪತ್ರಿ ನಿಮ್ಮದು ಅನ್ನೂದು ಈಗ ಖಾತ್ರಿ ಆತು. ದೇವಕ್ಕ ಹೇಳಿದ್ಲು, ಇಷ್ಟು ಜನ ಕೇಳಿದ್ರು. ಬರಕೋತೀನಿ. ಆದ್ರ ನೀವು ಅದನ್ನ ತಿರುಗಿ ಕೇಳಾಕ ಹೋಗಿದ್ದೂ ಬರೀಬೇಕಾಗತೈತಿ. ಎರಡೂ ಒಂದ ಸಂಗತಿ."

ಹನ್ನೆರಡು ವರ್ಷದ ಹಿಂದೆ ಬಿಟ್ಟುಹೋದ ತಾಡಪತ್ರಿಯನ್ನು ಬಡ ರೈತ ಹೆಂಗಸಿನ ಬಣವಿಯಿಂದ ಕಿತ್ತುಕೊಂಡವನೆಂದು ಅಚ್ಚಿನಲ್ಲಿ ಬರಲಿದೆ.   ಆಗ ಮಾಬುಸಾಬ ಎದ್ದು ನಿಂತ.

"ಟೀಚರ್, ಅದನ್ನ ಬರೀಬ್ಯಾಡ್ರಿ," ಎಂದ. "ಈರಣ್ಣ ಕೇಳಾಕ ಹೋಗಿಲ್ಲ. ನಾನ ಕಳಿಸಿದ್ದೆ. ಹನ್ನೆರಡು ವರ್ಷ ಆತು, ಮೊದಲನೇ ತಾಡಪತ್ರಿ ತಂದು ವಸ್ತ್ಯಾಗ ಎಲ್ಲಾರಿಗೂ ತೋರಸೂಣು, ನೋಡಿ ಬಾ ಅಂದಿದ್ದೆ. ತಪ್ಪು ನಂದು. ಇವನ ಹೆಸರು ಕೆಡಸಬ್ಯಾಡ್ರಿ."

ಇದು ಅಪ್ಪಟ ಸುಳ್ಳು. ಗೆಳೆಯನ ಸಲುವಾಗಿ ಕಟ್ಟಿದ ಸುಳ್ಳು, ಮತ್ತು ಬಹಳ ಚೆನ್ನಾಗಿ ಕಟ್ಟಿದ್ದ. ಗುಂಪಿನಲ್ಲಿ ನಿಟ್ಟುಸಿರು ಎದ್ದಿತು. ದೇವಕ್ಕನ ಮುಖ ಅರಳಿತು. "ಹೌದೇನ್ರಿ? ಹಂಗ ಮೊದಲ ಹೇಳಬಾರದೇನು," ಎಂದಳು. ಯಾರೋ ಚಪ್ಪಾಳೆ ಶುರು ಮಾಡಿದರು. "ಮಾಬುಸಾಬ ಅಂದ್ರ ಮಾಬುಸಾಬ ನೋಡ್ರಿ," ಎಂದಿತು ಒಂದು ದನಿ. "ಎಲ್ಲಾ ಅವನ ತಲೀನ." ಟೀಚರ್ ತಲೆದೂಗಿ ಬರೆಯತೊಡಗಿದರು.

ಈರಬಸಪ್ಪ ಪಾರಾಗಿದ್ದ. ಸುಮ್ಮನೆ ಕೂತಿದ್ದರೆ ಸಾಕಿತ್ತು. ಆದರೆ ತಾಡಪತ್ರಿಯ ಸಂಗತಿಯೂ ಈಗ ಮಾಬುಸಾಬನದಾಗಿತ್ತು. ಬಣವಿ ಹತ್ತಿದವನು ಈರಬಸಪ್ಪ, ಹೊಟ್ಟಿನ ಜೊತೆ ಜಾರಿದವನು ಈರಬಸಪ್ಪ, ಹತ್ತಿಸಿದ ಕೀರ್ತಿ ಮಾಬುಸಾಬನಿಗೆ. ಅವನು ಎದ್ದು ನಿಂತ.

"ಸುಳ್ಳ," ಎಂದ. "ಅಂವಾ ಸುಳ್ಳ ಹೇಳಾಕತ್ತಾನ. ಟೀಚರ್, ಹೊಡದ ಹಾಕ್ರಿ ಅದನ್ನ. ಇವ ನನ್ನ ಎಲ್ಲಿಗೂ ಕಳಿಸಿಲ್ಲ."

"ಈರಣ್ಣಾ, ಕೂಡೋ," ಎಂದ ಮಾಬುಸಾಬ ಮೆಲ್ಲಗೆ.

"ನೀ ಕೂಡಲೇ. ನಾನ ಹೋಗಿದ್ದೆ, ನನ್ನ ಹೊಟ್ಟಿಕಿಚ್ಚಿಗೆ ಹೋಗಿದ್ದೆ. ಇತಿಹಾಸದಾಗ ಇವ ಇಷ್ಟುದ್ದ ಅದಾನ, ನಾ 'ಜೊತೆಗಿದ್ದರು.' ತಾಡಪತ್ರಿ ನಂದು ಅಂತ ಸಾಕ್ಷಿ ಹುಡುಕಾಕ ಹೋಗಿದ್ದೆ. ತಿರುಗಿ ಬೇಕಂತ ಅಲ್ಲ. ದೇವಕ್ಕಾ, ಅದನ್ನ ನೀನ ಇಟಗೋ, ನಿಂದ ಅದು. ಈ ತೂತಿನವು, ಮುಸ್ತಫಾ, ಬೇಕಂತ ಕೊಟ್ಟಿದ್ದು. ಇವಗ ಸನ್ಮಾನಕ್ಕ ಒಯ್ಯಾಕತ್ತೀರಿ ಅಂತ ತಿಳದು ಇಲಿ ಕಡದಿದ್ದು ಕೊಟ್ಟೆ. ಇಷ್ಟೂ ನಾನ ಮಾಡಿದ್ದು. ಇದರಾಗ ಇವಂದು ಏನೂ ಇಲ್ಲ. ಬರಕೋರಿ."

 ಮೊದಲು ನಕ್ಕಿದ್ದು ದೇವಕ್ಕ. ಆಮೇಲೆ ನಲವತ್ತೂ ಜನ ನಕ್ಕರು, ಹೊಟ್ಟೆ ಹಿಡಿದುಕೊಂಡು, ತಾಡಪತ್ರಿಯ ಮೇಲೆ ಬಿದ್ದು. ಮಾಬುಸಾಬ ನಗಲಿಲ್ಲ. ಹತ್ತಿರ ಬಂದು, "ಒಂದು ಮಾತು ಕೇಳಿದ್ರ ನಾ ಹೇಳತಿದ್ದೆಲ್ಲೋ," ಎಂದ. "ನಿನ್ನ ತಾಡಪತ್ರಿ ಅಂತ ನನಗ ನೆನಪಿತ್ತು. ಟೀಚರ್ ಕೇಳಲಿಲ್ಲ, ನಾ ಹೇಳಲಿಲ್ಲ."

"ಯಾಕ ಹೇಳಲಿಲ್ಲ?"

ಮಾಬುಸಾಬ ಬಾಜು ನಿಂತ ಸೈಕಲ್ಲಿನ ಪೆಡಲನ್ನು ಕಾಲಿನಿಂದ ತಿರುಗಿಸಿದ. "ಚೈನಿಂದು ಒಂದ ಇದ್ರ ಚೊಲೋ ಕಾಣಾಕತ್ತಿತ್ತು," ಎಂದ.

ಶೈಲಶ್ರೀ ಟೀಚರ್ ಅದನ್ನೂ ಬರೆದುಕೊಂಡರು.

ಸಂಚಿಕೆ ಜನವರಿ ಇಪ್ಪತ್ತೆಂಟರಂದು ಅಚ್ಚಾಗಿ ಬಂತು. ಇತಿಹಾಸ ಈಗ ಐದು ಪುಟ. ಐದನೆಯದರಲ್ಲಿ ಆ ಶನಿವಾರದ ಸಂಗತಿ ಈರಬಸಪ್ಪ ಹೇಳಿದ ಹಾಗೆಯೇ, ಬಣವಿ, ಇಲಿ, ಹೊಟ್ಟೆಕಿಚ್ಚು ಸಮೇತ ಇದೆ. ಪೂರ್ತಿ ಪುಟ ಅವನ ಮೇಲೆಯೇ ಇರುವುದರಿಂದ ಅವನು ಅದನ್ನು ಕಟ್ಟು ಹಾಕಿಸಿ, ಅಂಗಡಿಯಲ್ಲಿ ಗಿರಾಕಿಗಳಿಗೆ ಎದುರಾಗುವಂತೆ ತೂಗುಹಾಕಿದ್ದಾನೆ.